ಟಿಕೆಟು ಕೊಳ್ಳಲಾರದವರ ಸಂಗೀತ

ಪಾಠದ ಉದ್ದೇಶ: ಹಣದ ಮುಗ್ಗಟ್ಟು ಕಲೆಗೂ ಕೇಳುಗನಿಗೂ ನಡುವೆ ಹೇಗೆ ಅಡ್ಡಬರುತ್ತದೆ, ಆ ಅಡ್ಡಿಯನ್ನು ಬೇರೆ ಬೇರೆ ಸಮಾಜಗಳು ಹೇಗೆ ನಿವಾರಿಸಿಕೊಂಡವು ಎಂಬುದನ್ನು ಎಂಟು ಮತ್ತು ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ಅರಿಯುವುದು, ತಮ್ಮ ಊರಿನ ಕಲೆಗೆ ಹಣ ಕೊಡುವವರು ಯಾರೆಂದು ವಿಚಾರಿಸಿ ಕನ್ನಡದಲ್ಲಿ ಬರೆಯುವುದು.

1. ಲೆಕ್ಕದಿಂದ ಆರಂಭ

ಪಾಠವನ್ನು ಒಂದು ಸರಳ ಲೆಕ್ಕದಿಂದ ತೊಡಗಿಸಬಹುದು. ಸಂಗೀತ ಕಚೇರಿಯೊಂದರ ಟಿಕೆಟಿನ ಬೆಲೆ 200 ರೂಪಾಯಿ, ಮನೆಯವರು ಐದು ಮಂದಿ, ದಿನದ ಕೂಲಿ 500 ರೂಪಾಯಿ ಎಂದಿಟ್ಟುಕೊಳ್ಳಲಿ. ಬಸ್ಸಿನ ಖರ್ಚನ್ನು ಬಿಟ್ಟರೂ ಒಂದು ಸಂಜೆಯ ಸಂಗೀತಕ್ಕೆ ಎರಡು ದಿನದ ದುಡಿಮೆ ಬೇಕಾಗುತ್ತದೆ. ಕೆಲಸ ಕಡಿಮೆಯಾದ ತಿಂಗಳಲ್ಲಿ ಅಕ್ಕಿ, ಔಷಧಿ, ಬಾಡಿಗೆಗಳನ್ನು ಬಿಡಲಾಗದು. ಆದುದರಿಂದ ಮೊದಲು ಬಿಟ್ಟುಹೋಗುವುದು ಟಿಕೆಟು. ಇದು ಆ ಮನೆಯವರ ರಸಿಕತೆಯ ಕೊರತೆಯಲ್ಲ, ಅವರ ವಿವೇಕ ಎಂಬುದನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಬೇಕು.

2. ನಷ್ಟ ಎರಡು ಕಡೆಗೆ

1929ರಲ್ಲಿ ಅಮೆರಿಕದಲ್ಲಿ ಆರಂಭವಾದ ಮಹಾ ಆರ್ಥಿಕ ಕುಸಿತ ಇದಕ್ಕೆ ದೊಡ್ಡ ನಿದರ್ಶನ. 1933ರ ಹೊತ್ತಿಗೆ ಆ ದೇಶದ ದುಡಿಯುವ ಜನರಲ್ಲಿ ಸುಮಾರು ನಾಲ್ವರಿಗೊಬ್ಬರು ಕೆಲಸವಿಲ್ಲದೆ ಉಳಿದಿದ್ದರು. ಅವರು ಟಿಕೆಟು ಕೊಳ್ಳದಾದಾಗ ಸಭಾಂಗಣ ಬರಿದಾಯಿತು. ಸಭಾಂಗಣ ಬರಿದಾದಾಗ ವಾದಕನ ಸಂಬಳ ನಿಂತಿತು. ಅದೇ ಕಾಲಕ್ಕೆ ಮಾತನಾಡುವ ಚಲನಚಿತ್ರಗಳು ಬಂದು, ಮೂಕಿಚಿತ್ರಗಳಿಗೆ ವಾದ್ಯ ನುಡಿಸುತ್ತಿದ್ದವರೂ ಕೆಲಸ ಕಳೆದುಕೊಂಡಿದ್ದರು. ಹೀಗೆ ಕೇಳುವವನು ಒಂದೆಡೆ, ನುಡಿಸುವವನು ಇನ್ನೊಂದೆಡೆ, ಇಬ್ಬರೂ ಕೈಬರಿದಾಗಿ ನಿಂತರು.

1935ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಸಂಗೀತ ಯೋಜನೆಯೊಂದನ್ನು ಕೈಗೊಂಡಿತು. ವಾದ್ಯವೃಂದ ನಿರ್ದೇಶಕ ನಿಕೊಲಾಯ್ ಸೊಕೊಲಾಫ್ ಅದರ ಮುಖ್ಯಸ್ಥರಾಗಿದ್ದರು. ನಿರುದ್ಯೋಗಿ ಸಂಗೀತಗಾರರಿಗೆ ಸರ್ಕಾರವೇ ವೇತನ ಕೊಟ್ಟಿತು. ಅವರು ಉಚಿತವಾಗಿ ಅಥವಾ ಅಲ್ಪ ಶುಲ್ಕಕ್ಕೆ ಕಚೇರಿ ನಡೆಸಿದರು, ಸಂಗೀತ ಪಾಠ ಹೇಳಿದರು. ಒಂದೇ ವೆಚ್ಚದಿಂದ ವಾದಕನಿಗೆ ಅನ್ನವೂ ಬಡ ಕೇಳುಗನಿಗೆ ಸಂಗೀತವೂ ದೊರೆತವು.

3. ಒಂದು ಶಿಲ್ಲಿಂಗಿನ ಕಚೇರಿ

1939ರ ಸೆಪ್ಟೆಂಬರಿನಲ್ಲಿ ಯುದ್ಧ ಘೋಷಣೆಯಾದಾಗ ಲಂಡನ್ನಿನ ನಾಟಕಶಾಲೆಗಳೂ ಸಂಗೀತ ಸಭಾಂಗಣಗಳೂ ಮುಚ್ಚಿದವು. ರಾಷ್ಟ್ರೀಯ ಚಿತ್ರಶಾಲೆಯ ಚಿತ್ರಗಳನ್ನು ಬಾಂಬಿನ ಭಯದಿಂದ ಬೇರೆಡೆಗೆ ಸಾಗಿಸಿದ್ದರಿಂದ ಆ ಕಟ್ಟಡ ಬರಿದಾಗಿತ್ತು. ಪಿಯಾನೋ ವಾದಕಿ ಮೈರಾ ಹೆಸ್ ಅಲ್ಲಿ ಮಧ್ಯಾಹ್ನದ ಊಟದ ವೇಳೆಗೆ ಕಚೇರಿಗಳನ್ನು ಏರ್ಪಡಿಸಿದರು. ಮೊದಲ ಕಚೇರಿ 1939ರ ಅಕ್ಟೋಬರ್ 10ರಂದು ನಡೆಯಿತು. ಪ್ರವೇಶ ಶುಲ್ಕ ಒಂದು ಶಿಲ್ಲಿಂಗ್, ಅಂದರೆ ಪೌಂಡಿನ ಇಪ್ಪತ್ತರಲ್ಲೊಂದು ಪಾಲು. ಬಾಂಬಿನ ದಾಳಿಯ ದಿನಗಳಲ್ಲಿ ಕಚೇರಿಗಳು ನೆಲಮಾಳಿಗೆಯಲ್ಲಿ ಮುಂದುವರಿದವು. 1946ರವರೆಗೆ ಸುಮಾರು 1,700 ಕಚೇರಿಗಳು ನಡೆದು, ಎಂಟು ಲಕ್ಷಕ್ಕೂ ಮಿಕ್ಕ ಶ್ರೋತೃಗಳು ಬಂದರು. ಇಲ್ಲಿ ಬೆಲೆಯನ್ನು ತೆಗೆದುಹಾಕಲಿಲ್ಲ, ಗುಮಾಸ್ತನ ಕಿಸೆಗೆ ಹೊಂದುವಷ್ಟು ಇಳಿಸಲಾಯಿತು.

4. ಡೇರೆ ಮತ್ತು ಬಯಲು

ಕಾಸರಗೋಡಿನ ವಿದ್ಯಾರ್ಥಿಗಳಿಗೆ ಈ ವಿಷಯ ಯಕ್ಷಗಾನದ ಮೂಲಕ ಸುಲಭವಾಗಿ ತಿಳಿಯುತ್ತದೆ. ಡೇರೆ ಮೇಳದ ಆಟಕ್ಕೆ ಟಿಕೆಟು ಉಂಟು. ಕುರ್ಚಿಗೆ ಒಂದು ದರ, ನೆಲಕ್ಕೆ ಇನ್ನೊಂದು. ಕೊಟ್ಟ ಹಣಕ್ಕೆ ತಕ್ಕ ಸಾಲು. ಹರಕೆಯ ಬಯಲಾಟದಲ್ಲಿ ಈ ಭೇದವಿಲ್ಲ. ಹರಕೆ ಹೊತ್ತ ಮನೆಯವರು ಮೇಳಕ್ಕೆ ವೀಳ್ಯದ ಹಣ ಸಲ್ಲಿಸುತ್ತಾರೆ. ಊರೆಲ್ಲ ಬಂದು ನೋಡುತ್ತದೆ. ಕಟೀಲು ಮೇಳದ ಆಟಗಳು ಈ ಬಗೆಯವು. ಕೊಯ್ಲಾದ ಗದ್ದೆಯಲ್ಲಿ ಕುಳಿತ ಕೂಲಿಯಾಳು ಯಾರ ಉಪಕಾರಕ್ಕೂ ತಲೆತಗ್ಗಿಸಬೇಕಿಲ್ಲ. ಆಟ ದೇವರ ಸೇವೆ, ನೋಡುವವನು ಆ ಸೇವೆಯ ಭಾಗಿ.

ಆದರೆ ಉಚಿತವೆಂಬುದಕ್ಕೂ ಖರ್ಚುಂಟು. ಭಾಗವತರು, ಚೆಂಡೆ ಮದ್ದಳೆಯವರು, ವೇಷಧಾರಿಗಳು ಪತ್ತನಾಜೆಯವರೆಗೆ ರಾತ್ರಿಯೆಲ್ಲ ದುಡಿಯುತ್ತಾರೆ. ಮಳೆಗಾಲದಲ್ಲಿ ಮೇಳದ ತಿರುಗಾಟ ನಿಲ್ಲುತ್ತದೆ. ಡೇರೆಯ ಟಿಕೆಟನ್ನು ಕೇವಲ ಲೋಭವೆಂದು ಹಳಿಯುವುದು ನ್ಯಾಯವಲ್ಲ. ಅದು ಕಲಾವಿದನ ಸಂಸಾರವನ್ನೂ ಸಾಕಿದೆ.

5. ಗಡಿನಾಡಿನಲ್ಲಿ ಈ ಪ್ರಶ್ನೆಯ ತೂಕ

ಗಡಿನಾಡಿನ ಅನೇಕ ಮಕ್ಕಳ ಮನೆಮಾತು ಒಂದು, ಪೇಟೆಯ ಮಾತು ಇನ್ನೊಂದು. ಪ್ರೌಢವಾದ ಕನ್ನಡ ಅವರ ಕಿವಿಗೆ ಬೀಳುವುದು ಶಾಲೆಯಲ್ಲಿ ಮತ್ತು ರಂಗಸ್ಥಳದಲ್ಲಿ. ಪಾರ್ತಿಸುಬ್ಬನ ಊರಾದ ಕುಂಬಳೆಯ ಸುತ್ತಲಿನ ಮಗು ರಾಮಾಯಣದ ಪ್ರಸಂಗ ನೋಡುವಾಗ ಕಥೆಯೊಡನೆ ಸಂಧಿ, ಸಮಾಸ, ವಾದದ ಓಟ ಎಲ್ಲವನ್ನೂ ಕಲಿಯುತ್ತದೆ. ಟಿಕೆಟಿಲ್ಲದೆ ಆ ಮಗು ಹೊರಗುಳಿದರೆ ಒಂದು ರಾತ್ರಿಯ ಮನರಂಜನೆಯೊಂದಿಗೆ ಒಂದು ಭಾಷಾಪಾಠವೂ ತಪ್ಪುತ್ತದೆ. ಪಠ್ಯಪುಸ್ತಕವನ್ನು ಉಚಿತವಾಗಿ ಕೊಡುವ ಸಮಾಜ ಈ ಪಾಠದ ಕುರಿತೂ ಯೋಚಿಸಬೇಕಾಗುತ್ತದೆ.

6. ತರಗತಿಯಲ್ಲಿ

ಯಾರು ಆಟಕ್ಕೆ ಹೋಗಿದ್ದರು, ಯಾರು ಹೋಗಲಿಲ್ಲ ಎಂದು ಕೈ ಎತ್ತಿಸಬಾರದು. ಮನೆಯ ಬಡತನವನ್ನು ಸಹಪಾಠಿಗಳ ಮುಂದೆ ಒಪ್ಪಿಕೊಳ್ಳಬೇಕಾದ ಮಗು ಪಾಠದಿಂದಲೇ ದೂರ ಸರಿಯುತ್ತದೆ. ಬದಲಿಗೆ ಶಾಲೆಯಲ್ಲಿಯೇ ಒಂದು ಗಂಟೆಯ ತಾಳಮದ್ದಳೆಯನ್ನು ಏರ್ಪಡಿಸಬಹುದು. ಅದಕ್ಕೆ ವೇಷ ಬೇಡ, ರಂಗಸ್ಥಳ ಬೇಡ. ಹಾಡುವವರೊಬ್ಬರು, ಮದ್ದಳೆ, ಕುಳಿತು ಅರ್ಥ ಹೇಳುವ ನಾಲ್ವರು ಸಾಕು. ಅರ್ಥಧಾರಿಗಳಾಗಿ ವಿದ್ಯಾರ್ಥಿಗಳನ್ನೇ ಕೂರಿಸಿದರೆ ಮತ್ತೂ ಲೇಸು. ಅಕ್ಕಲಕೋಟೆ, ಜತ್ತ, ಆದೋನಿ, ತಾಳವಾಡಿಗಳ ಶಿಕ್ಷಕರು ತಮ್ಮ ಊರಿನ ಭಜನೆ, ತತ್ವಪದ ಅಥವಾ ಬಯಲಾಟ, ಯಾವುದು ಹತ್ತಿರವೋ ಅದನ್ನು ಆರಿಸಿಕೊಳ್ಳಬಹುದು. ಕರೆದ ಕಲಾವಿದರಿಗೆ ಊರವರಿಂದ ಗೌರವಧನವನ್ನು ಮೊದಲೇ ಹೊಂದಿಸಿಡಬೇಕು. ಮಕ್ಕಳಿಂದ ಹಣ ಎತ್ತಬಾರದು.

ಅಭ್ಯಾಸ

1. ಸರ್ಕಾರ, ಹರಕೆಯ ಮನೆಯವರು, ಟಿಕೆಟು ಕೊಳ್ಳುವವರು: ಈ ಮೂವರಲ್ಲಿ ಕಲೆಯ ವೆಚ್ಚವನ್ನು ಯಾರು ಹೊತ್ತರೆ ಯಾವ ಅನುಕೂಲ, ಯಾವ ತೊಡಕು?
2. ನಿಮ್ಮ ಊರಿನ ಹಿರಿಯರೊಬ್ಬರು ಬಾಲ್ಯದಲ್ಲಿ ಹಾಡು, ಆಟಗಳನ್ನು ಎಲ್ಲಿ, ಹೇಗೆ ಕೇಳುತ್ತಿದ್ದರೆಂದು ವಿಚಾರಿಸಿ ಒಂದು ಪುಟ ಬರೆಯಿರಿ.
3. "ಟಿಕೆಟಿನ ದರ ಇಳಿಸಬೇಕು" ಎಂಬ ಪ್ರೇಕ್ಷಕನಿಗೂ "ಇಳಿಸಿದರೆ ಬದುಕುವುದು ಹೇಗೆ" ಎಂಬ ಕಲಾವಿದನಿಗೂ ನಡೆಯುವ ಸಂಭಾಷಣೆಯನ್ನು ಹತ್ತು ವಾಕ್ಯಗಳಲ್ಲಿ ರಚಿಸಿರಿ. ಇಬ್ಬರ ಮಾತಿಗೂ ಸಮಾನ ಬಲವಿರಲಿ.