ಗರ್ಭಕೋಶ ತೆಗೆಸುವ ಮುನ್ನ: ಈಸ್ಟ್ರೋಜನ್ನಿನ ವಿಚಾರ

‘ಮಕ್ಕಳಾದವು, ಇನ್ನು ಗರ್ಭಕೋಶ ಇದ್ದರೇನು, ತೆಗೆಸಿಬಿಟ್ಟರೆ ತಿಂಗಳ ಕಾಟವಾದರೂ ತಪ್ಪುತ್ತದೆ’ ಎಂಬ ಮಾತನ್ನು ನಾವು ಹಳ್ಳಿಗಳಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ಮೂವತ್ತೈದು ತುಂಬದ ತಾಯಂದಿರೂ ಹೀಗೆ ಹೇಳುವುದುಂಟು. ಅಂತಹ ನಿರ್ಧಾರಕ್ಕೆ ಮೊದಲು ಈಸ್ಟ್ರೋಜನ್ ಎಂಬ ಹಾರ್ಮೋನಿನ ಕೆಲಸವನ್ನು ಅರಿಯುವುದು ಅವಶ್ಯ.

ಈಸ್ಟ್ರೋಜನ್ ಮುಖ್ಯವಾಗಿ ಹುಟ್ಟುವುದು ಗರ್ಭಕೋಶದಲ್ಲಲ್ಲ, ಅದರ ಎರಡೂ ಬದಿಗಿರುವ ಅಂಡಾಶಯಗಳಲ್ಲಿ. ಅಲ್ಲಿಂದ ರಕ್ತದಲ್ಲಿ ಬೆರೆತು ದೇಹವನ್ನೆಲ್ಲ ಸಂಚರಿಸುತ್ತದೆ. ಮುಟ್ಟು, ಬಸಿರುಗಳಲ್ಲಿ ಅದರ ಪಾತ್ರ ಅನೇಕರಿಗೆ ತಿಳಿದದ್ದೇ. ಕಣ್ಣಿಗೆ ಕಾಣದ ಕಾರ್ಯವೊಂದು ಎಲುಬಿನೊಳಗೆ ನಡೆಯುತ್ತದೆ. ಎಲುಬು ಕಲ್ಲಿನಂತೆ ಸ್ಥಿರವಾದುದಲ್ಲ. ಹಳೆಯದನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಅಲ್ಲಿ ಸದಾ ದುಡಿಯುತ್ತಿರುತ್ತವೆ. ಕರಗಿಸುವ ಕೋಶಗಳಿಗೆ ಕಡಿವಾಣ ಹಾಕುವುದು ಈಸ್ಟ್ರೋಜನ್. ಅದು ತಗ್ಗಿದೊಡನೆ ಕರಗುವುದು ಹೆಚ್ಚಿ, ಕಟ್ಟುವುದು ಹಿಂದೆ ಬೀಳುತ್ತದೆ. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಈ ಸವೆತ ಅತಿ ವೇಗ. ಬಚ್ಚಲಲ್ಲಿ ಜಾರಿದ ಅಜ್ಜಿಯ ಸೊಂಟದ ಎಲುಬು ಅಷ್ಟು ಸುಲಭವಾಗಿ ಮುರಿಯುವುದಕ್ಕೆ ಇದೊಂದು ಮುಖ್ಯ ಕಾರಣ.

ನಮ್ಮ ದೇಶದಲ್ಲಿ ಮುಟ್ಟು ಸಹಜವಾಗಿ ನಿಲ್ಲುವುದು ಸಾಮಾನ್ಯವಾಗಿ 46-47ರ ಸುಮಾರಿಗೆ, ಅದೂ ನಿಧಾನವಾಗಿ. ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದರೆ ಈಸ್ಟ್ರೋಜನ್ ಒಮ್ಮೆಲೇ ಕುಸಿಯುತ್ತದೆ. ಮೈ ಕಾದು ಬೆವರುವುದು, ನಿದ್ದೆಗೇಡು, ಯೋನಿಯ ಒಣಗುವಿಕೆ ಕೂಡಲೇ ಕಾಣಿಸಿಕೊಳ್ಳುತ್ತವೆ. ಎಲುಬಿನ ಸವೆತ, ಹೃದ್ರೋಗದ ಅಪಾಯ ಮುಂದೆ ಬರುತ್ತವೆ. ಅಂಡಾಶಯಗಳನ್ನು ಉಳಿಸಿದರೂ ಅವು ಕೆಲವು ವರ್ಷ ಮೊದಲೇ ಸೋಲುವ ಸಂಭವವಿದೆ.

ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಡ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ದೂರುಗಳು ಕಳೆದ ದಶಕದಲ್ಲಿ ನಾಡಿನ ಗಮನ ಸೆಳೆದಿದ್ದವು. ಇಂತಹ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರದ ಮಾರ್ಗಸೂಚಿಗಳನ್ನು ಅಳವಡಿಸಿಕೊಳ್ಳುವಂತೆ 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳಿಗೆ ಆದೇಶಿಸಿತು. ಕ್ಯಾನ್ಸರಿನಂತಹ ಸಂದರ್ಭದಲ್ಲಿ ಶಸ್ತ್ರಚಿಕಿತ್ಸೆ ಪ್ರಾಣ ಉಳಿಸುತ್ತದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಿಳಿಸೆರಗಿಗಾಗಲಿ, ಬರಿಯ ಹೊಟ್ಟೆನೋವಿಗಾಗಲಿ ಗರ್ಭಕೋಶ ತೆಗೆಸುವುದು ಮೊದಲ ಮದ್ದಲ್ಲ. ಅತಿಸ್ರಾವಕ್ಕೂ ಮಾತ್ರೆಗಳಿವೆ, ಹಾರ್ಮೋನು ಬಿಡುವ ವಂಕಿಯಿದೆ. ಥೈರಾಯ್ಡ್ ದೋಷವಿದ್ದರೆ ಅದಕ್ಕೆ ಬೇರೆ ಚಿಕಿತ್ಸೆ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಲು ಸಂಕೋಚವೇಕೆ? ‘ಅಂಡಾಶಯ ಉಳಿಸುತ್ತೀರಾ?’ ಎಂದು ಕೇಳುವುದು ತಾಯಂದಿರ ಹಕ್ಕು.

ಈಗಾಗಲೇ ಚಿಕ್ಕ ವಯಸ್ಸಿನಲ್ಲಿ ಅಂಡಾಶಯ ತೆಗೆಸಿಕೊಂಡವರು, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಚಿಕಿತ್ಸೆ ತಮಗೆ ತಕ್ಕುದೇ ಎಂದು ತಜ್ಞರನ್ನು ವಿಚಾರಿಸಬೇಕು. ಸ್ತನ ಕ್ಯಾನ್ಸರ್ ಬಂದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆಯಿದ್ದವರಿಗೆ ಅದು ಸಾಮಾನ್ಯವಾಗಿ ಸಲ್ಲದು. ಆಹಾರದ ವಿಷಯದಲ್ಲಿ ಒಂದು ಮಾತು: ಜೋಳದ ರೊಟ್ಟಿ ಬಲ ಕೊಡುತ್ತದೆ ನಿಜ, ಅದರಲ್ಲಿ ಕ್ಯಾಲ್ಸಿಯಂ ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಎಳ್ಳು, ಹಾಲು, ಮೊಸರೂ ಒಳ್ಳೆಯವು. ಬಿಸಿಲಿನಲ್ಲಿ ನಿತ್ಯ ನಡೆಯುವುದು ಬೇಕು.

ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ‘ಉಷ್ಣ’ ಎಂದು ಸುಮ್ಮನಿರದೆ, ಆ ವಾರದಲ್ಲೇ ವೈದ್ಯರಿಗೆ ತೋರಿಸಬೇಕು.