ಹದಿಹರೆಯದ ಮಕ್ಕಳ ಗುಂಪಿಗೆ ಒಬ್ಬ ಅಕ್ಕ ಬೇಕು



ದೃಢೀಕರಣ ಸಂಸ್ಕಾರ ಆಗುವವರೆಗೆ ಮಕ್ಕಳು ಭಾನುವಾರ ತಪ್ಪದೆ ಧರ್ಮೋಪದೇಶ ತರಗತಿಗೆ ಬರುತ್ತಾರೆ. ಆಮೇಲೆ ಒಬ್ಬೊಬ್ಬರೇ ಕಾಣೆಯಾಗುತ್ತಾರೆ. "ಇವಕ್ಕೆ ಮೊಬೈಲ್ ಒಂದಿದ್ರೆ ಸಾಕು" ಅಂತ ನಾವು ಬೈದು ಸುಮ್ಮನಾಗುತ್ತೇವೆ. ಮೊಬೈಲ್ ಇಲ್ಲದ ಕಾಲದಲ್ಲೂ ಹೀಗೇ ಇತ್ತು. ಬೆಲ್ಜಿಯಂ ದೇಶದ ಜೋಸೆಫ್ ಕಾರ್ಡೈನ್ ಎಂಬುವರು ಗುರುವಾಗಲು ಓದುತ್ತಿದ್ದಾಗ ರಜೆಗೆ ಊರಿಗೆ ಬಂದರೆ, ಜೊತೆಗೆ ಆಡಿದ ಗೆಳೆಯರು ಚಿಕ್ಕ ವಯಸ್ಸಿಗೇ ಕಾರ್ಖಾನೆ ಸೇರಿ ಚರ್ಚಿನಿಂದಲೂ ಇವರಿಂದಲೂ ದೂರವಾಗಿದ್ದರು. ಅವರಿಗೆ ಬೇಕಾದದ್ದು ಇನ್ನೊಂದು ಉಪದೇಶವಲ್ಲ, ತಮ್ಮ ಕಷ್ಟವನ್ನು ತಾವೇ ಮಾತಾಡಲು ಒಂದು ಜಾಗ ಎಂದು ಕಾರ್ಡೈನ್ ಕಂಡುಕೊಂಡರು. ಅವರು ಕಲಿಸಿದ ವಿಧಾನ ಮೂರೇ ಮಾತು: ನೋಡು, ವಿವೇಚಿಸು, ಕಾರ್ಯಮಾಡು. ನಮ್ಮಲ್ಲಿ ವಿದ್ಯಾರ್ಥಿಗಳ ವೈ.ಸಿ.ಎಸ್. ಗುಂಪುಗಳು ನಡೆಯುವುದು ಇದೇ ವಿಧಾನದಲ್ಲಿ.

ಸಂಘದಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ಪಾಠ ಚರ್ಚಿನ ಗುಂಪಿನದಾದರೂ, ಹದಿಮೂರರ ಮಗಳಿರುವ ಯಾವ ಮನೆಗೂ ಇದು ಹೊರಗಿನ ಮಾತಲ್ಲ.

ಮೊದಲನೆಯದಾಗಿ, ಹನ್ನೆರಡರಿಂದ ಹದಿನೈದರ ಮಕ್ಕಳನ್ನು ದೊಡ್ಡವರ ಯುವಜನ ಸಂಘದಲ್ಲಿ ಸೇರಿಸಿಬಿಡಬೇಡಿ. ಇಪ್ಪತ್ತೈದರ ಯುವಕರ ಮಧ್ಯೆ ಅವರು ಬಾಯಿ ಬಿಡುವುದಿಲ್ಲ. ಕುರ್ಚಿ ಜೋಡಿಸೋದು, ಗೋದಲಿಗೆ ಹುಲ್ಲು ತರೋದು ಇಷ್ಟೇ ಅವರ ಪಾಲಿಗೆ. ಹತ್ತು-ಹನ್ನೆರಡು ಮಕ್ಕಳ ಬೇರೆ ಗುಂಪು ಮಾಡಿ.

ಅವರನ್ನು ನಡೆಸುವವರು ಯಾರು? "ನಾನು ಏಳನೇ ಕ್ಲಾಸು, ನನ್ನಿಂದ ಆಗುತ್ತಾ?" ಎಂದು ಕೇಳುತ್ತೀರಿ. ವಾರವಾರ ಸಭೆಗೆ ಬರುವುದು, ಸುತ್ತ ಕೂರುವುದು, ಹಾಜರಿ ಹಾಕುವುದು, ಮಾತಾಡದವರಿಂದ ಮಾತಾಡಿಸುವುದು, ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಮುಂದಿನ ವಾರ ಏನಾಯಿತು ಎಂದು ಕೇಳುವುದು, ಇವೆಲ್ಲ ನಿಮಗೆ ಅಭ್ಯಾಸವಾಗಿದೆ. ಹಾಡು, ಆಟ ಮಕ್ಕಳೇ ಕಲಿಸಿಕೊಡುತ್ತಾರೆ. ಆದರೆ ಮೂರು ತಿಂಗಳು ಬಂದು ಬಿಡುವುದಾದರೆ ಶುರು ಮಾಡಲೇಬೇಡಿ. ಕನಿಷ್ಠ ಎರಡು ವರ್ಷ ಇರುತ್ತೇನೆ ಅನ್ನುವವರು ಬನ್ನಿ.

ಒಂದು ಉದಾಹರಣೆ ನೋಡೋಣ. ಒಂಬತ್ತನೇ ತರಗತಿಯ ಹುಡುಗಿ ಎರಡು ವಾರದಿಂದ ಶಾಲೆಗೆ ಬಂದಿಲ್ಲ. ನೋಡು: ಗುಂಪಿನ ಮಕ್ಕಳು ವಿಚಾರಿಸಿದಾಗ, ತಾಯಿ ತೋಟದ ಕೆಲಸಕ್ಕೆ ಹೋಗುವುದರಿಂದ ನಾಲ್ಕು ವರ್ಷದ ತಮ್ಮನನ್ನು ಇವಳೇ ನೋಡಿಕೊಳ್ಳುತ್ತಿದ್ದಾಳೆ ಎಂದು ತಿಳಿಯಿತು. ವಿವೇಚಿಸು: ಅಣ್ಣನಿಗೆ ಯಾಕೆ ಶಾಲೆ ಬಿಡಿಸಲಿಲ್ಲ? ಗಾಯಗೊಂಡವನನ್ನು ಕಂಡೂ ದಾಟಿ ಹೋದವರ ಕಥೆ, ನಿಂತ ಸಮಾರಿಯದವನ ಕಥೆ ಓದಿ, ನಾವು ಯಾರ ಹಾಗೆ ಎಂದು ಮಕ್ಕಳೇ ಹೇಳಲಿ. ಕಾರ್ಯಮಾಡು: ಇಬ್ಬರು ಗೆಳತಿಯರು ಸಂಜೆ ನೋಟ್ಸ್ ಕೊಡುತ್ತಾರೆ, ನೀವು ತಾಯಿಯ ಜೊತೆ ಮಾತಾಡಿ ಮಗುವನ್ನು ಅಂಗನವಾಡಿಗೆ ಸೇರಿಸುತ್ತೀರಿ. ಇಲ್ಲಿ ಆತುರ ಬೇಡ. ಉತ್ತರ ನಿಮಗೆ ಮೊದಲೇ ಗೊತ್ತಿದ್ದರೂ ಮಕ್ಕಳ ಬಾಯಿಂದ ಬರುವ ತನಕ ಕಾಯಿರಿ.

ಇನ್ನು ಕಷ್ಟದ ವಿಷಯ. ನಂಬಿಕೆ ಬಂದ ಮೇಲೆ ಒಂದು ದಿನ ಮಗು ಹೇಳುತ್ತದೆ: "ಅಕ್ಕಾ, ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ." ಆಣೆ ಮಾಡಬೇಡಿ. ಹೀಗೆ ಹೇಳಿ: "ಊರಿಗೆಲ್ಲಾ ಹೇಳಲ್ಲ. ಆದ್ರೆ ನಿನಗೆ ಅಪಾಯ ಇದ್ರೆ ಸಹಾಯ ಮಾಡೋರಿಗೆ ಹೇಳಲೇಬೇಕಾಗುತ್ತೆ. ನಿನಗೆ ತಿಳಿಸಿಯೇ ಹೇಳ್ತೀನಿ." ಪರೀಕ್ಷೆಯ ಭಯವೋ, ಗೆಳತಿಯ ಜೊತೆ ಜಗಳವೋ ಆದರೆ ಅದು ನಿಮ್ಮಲ್ಲೇ ಉಳಿಯಲಿ. ಯಾರೋ ಮೈ ಮುಟ್ಟುತ್ತಾರೆ ಎಂದರೆ, ಹದಿನೆಂಟು ತುಂಬುವ ಮೊದಲೇ ಮದುವೆ ಮಾತು ನಡೆದಿದೆ ಎಂದರೆ, ಸಾಯುತ್ತೇನೆ ಎಂದರೆ ಸುಮ್ಮನಿರುವ ಹಾಗಿಲ್ಲ.

2012ರ ಪೋಕ್ಸೋ ಕಾಯ್ದೆಯ ಪ್ರಕಾರ, 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆಯೆಂದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಗೊತ್ತಿದ್ದೂ ಮುಚ್ಚಿಟ್ಟರೆ ಅದೂ ಶಿಕ್ಷಾರ್ಹ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಹಣವಿಲ್ಲದೆ ಕರೆ ಮಾಡಬಹುದು; ಬಾಲ್ಯವಿವಾಹ ತಡೆಯಲೂ ಇದೇ ನಂಬರ್. ಮಗುವನ್ನು ಮತ್ತೆ ಮತ್ತೆ ಕೆದಕಿ ಕೇಳಬೇಡಿ. "ನೀನು ಯಾಕೆ ಹೋದೆ?" ಎನ್ನಬೇಡಿ. ಆರೋಪ ಬಂದವನನ್ನು ಕರೆದು ರಾಜಿ ಪಂಚಾಯ್ತಿ ಮಾಡಬೇಡಿ. ಅವನು ಸಂಬಂಧಿಕನಾಗಲಿ, ಗುಂಪಿನ ನಾಯಕನಾಗಲಿ, ಟೀಚರ್ ಆಗಲಿ, ಗುರುಗಳೇ ಆಗಲಿ, ದಾರಿ ಒಂದೇ. ಚರ್ಚಿಗೆ ತಿಳಿಸಿದರೆ ಪೊಲೀಸರಿಗೆ ತಿಳಿಸಿದಂತೆ ಆಗುವುದಿಲ್ಲ. ಮಗುವಿನ ಹೆಸರು ಸಂಘದ ಸಭೆಯಲ್ಲೂ ಬರಕೂಡದು.

ನಿಮ್ಮ ಮೇಲೂ ಸಂಶಯ ಬಾರದಂತೆ ಯಾವಾಗಲೂ ಇಬ್ಬರು ದೊಡ್ಡವರಿರಿ, ಬಾಗಿಲು ತೆರೆದಿರಲಿ, ಪಿಕ್‌ನಿಕ್‌ಗೆ ತಂದೆತಾಯಿಯ ಒಪ್ಪಿಗೆ ಪತ್ರ ತಗೊಳ್ಳಿ. ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಪೋಷಕರೂ ಇರಲಿ. ರಾತ್ರಿ ಹತ್ತರ ಮೇಲೆ ಮೆಸೇಜು ಬೇಡ.

ಸಂಘದ ಸಭೆಯಲ್ಲಿ ಚರ್ಚಿಸಿ:

ನಮ್ಮ ಬೀದಿಯಲ್ಲಿ ಹನ್ನೆರಡರಿಂದ ಹದಿನೈದರ ಮಕ್ಕಳು ಎಷ್ಟು ಮಂದಿ? ಶಾಲೆ ಬಿಟ್ಟವರು ಯಾರು?

ಅವರ ಜೊತೆ ಎರಡು ವರ್ಷ ಕೂರಲು ನಮ್ಮಲ್ಲಿ ಯಾವ ಇಬ್ಬರು ಸಿದ್ಧ?