ಹಿಮದ ನಾಡಿನ ಹಿತ್ತಲ ಕೋಳಿ: ಚಳಿಗಿಂತ ತೇವವೇ ಶತ್ರು

ಮಳೆಗಾಲ ಹತ್ತಿರವಾದಂತೆ ಕೋಳಿಗೂಡಿನ ನಾಲ್ಕೂ ಬದಿಗೆ ಗೋಣಿತಾಟು, ಪ್ಲಾಸ್ಟಿಕ್ ಹಾಳೆ ಬಿಗಿಯುವುದು ನಮ್ಮ ಭಾಗದ ಅನೇಕ ಮನೆಗಳ ವಾಡಿಕೆ. ಶೀತಕ್ಕೆ ಕೋಳಿ ಸಾಯಬಾರದೆಂಬುದೇ ಇದರ ಉದ್ದೇಶ. ಆದರೂ ಆಷಾಢ ಕಳೆಯುವುದರೊಳಗೆ ನಾಲ್ಕಾರು ಕೋಳಿಗಳು ಮೂಗು ಸೋರಿಸಿಕೊಂಡು, ಗೊರಗೊರ ಉಸಿರೆಳೆದು ಸಾಯುವುದುಂಟು. ಅದರೊಡನೆ ಮನೆಯ ಹೆಂಗಸರ ಕೈಖರ್ಚಿನ ಮೊಟ್ಟೆ ಹಣವೂ ಹೋಗುತ್ತದೆ. ಚಳಿಯೆಂದರೆ ಏನೆಂದು ನಿಜವಾಗಿ ಬಲ್ಲ ನಾಡಿನವರು ತಮ್ಮ ಕೋಳಿಗಳನ್ನು ಹೇಗೆ ಉಳಿಸಿಕೊಳ್ಳುತ್ತಾರೆಂಬುದನ್ನು ಈ ಸಂಚಿಕೆಯಲ್ಲಿ ಪರಿಶೀಲಿಸೋಣ.

ಎಂಥ ಚಳಿ?

ಉತ್ತರ ಅಮೆರಿಕದ ಅಲಾಸ್ಕದಲ್ಲಿ ಫೇರ್‌ಬ್ಯಾಂಕ್ಸ್ ಎಂಬ ಊರಿದೆ. ಅಲ್ಲಿ ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಇಳಿಯುವುದುಂಟು. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಕಾಣುವುದು ನಾಲ್ಕು ಗಂಟೆಗೂ ಕಡಿಮೆ. ಅಂಥಲ್ಲಿಯೂ ಹಿತ್ತಲಿನಲ್ಲಿ ಐದು, ಹತ್ತು ಕೋಳಿ ಸಾಕುವವರಿದ್ದಾರೆ.

ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಂಟಿಗ್ರೇಡ್. ನಮ್ಮದಕ್ಕಿಂತ ನಾಲ್ಕು ಡಿಗ್ರಿ ಹೆಚ್ಚು. ಚಳಿಯಾದಾಗ ಅದು ಪುಕ್ಕ ಉಬ್ಬಿಸಿ ಕೂರುತ್ತದೆ. ಪುಕ್ಕಗಳ ನಡುವೆ ಸಿಕ್ಕಿದ ಗಾಳಿ ಕಂಬಳಿಯಂತೆ ಶಾಖವನ್ನು ಹಿಡಿದಿಡುತ್ತದೆ. ಆದರೆ ಪುಕ್ಕ ಒದ್ದೆಯಾದರೆ ಈ ಗಾಳಿಯ ಪದರ ಉಳಿಯುವುದಿಲ್ಲ. ಒಣಗಿದ ಕೋಳಿ ಕಡುಚಳಿಯನ್ನು ತಡೆದೀತು. ನೆನೆದ ಕೋಳಿ ಸಾಧಾರಣ ಚಳಿಯನ್ನೂ ತಡೆಯಲಾರದು.

ತೇವ ಎಲ್ಲಿಂದ ಬರುತ್ತದೆ?

ಮಳೆಯೇ ಇಲ್ಲದ ಹಿಮದ ದಿನಗಳಲ್ಲಿ ಗೂಡಿನೊಳಗೆ ತೇವ ಹೇಗೆ ಬಂತೆಂದು ಕೇಳಬಹುದು. ಅದು ಬರುವುದು ಕೋಳಿಗಳಿಂದಲೇ. ಅವುಗಳ ಉಸಿರಿನಲ್ಲಿ ನೀರಾವಿ ಇದೆ. ಹಸಿ ಹಿಕ್ಕೆಯಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಗೂಡನ್ನು ಪೂರ್ತಿ ಮುಚ್ಚಿದರೆ ಈ ಆವಿ ಮೇಲೇರಿ, ತಣ್ಣಗಿನ ಮಾಡಿಗೆ ತಾಗಿ ಹನಿಯಾಗುತ್ತದೆ. ಕೋಳಿಯ ಜುಟ್ಟಿನ ಮೇಲೆ ಕೂತ ತೇವ ಹೆಪ್ಪುಗಟ್ಟಿದರೆ ಜುಟ್ಟಿನ ತುದಿ ಕಪ್ಪಾಗಿ ಸಾಯುತ್ತದೆ. ಒದ್ದೆ ಹಿಕ್ಕೆಯಿಂದ ಏಳುವ ಅಮೋನಿಯ ಅನಿಲ ಶ್ವಾಸನಾಳದ ಒಳಪದರವನ್ನು ಕೆಡಿಸಿ ರೋಗಾಣುಗಳಿಗೆ ದಾರಿ ಮಾಡಿಕೊಡುತ್ತದೆ.

ಆದ್ದರಿಂದಲೇ ಅಲ್ಲಿಯ ಅನುಭವಸ್ಥರು ಕಡುಚಳಿಯಲ್ಲೂ ಗೂಡಿನ ಗಾಳಿಕಂಡಿಯನ್ನು ಪೂರ್ತಿ ಮುಚ್ಚುವುದಿಲ್ಲ. ಕಂಡಿ ಇರುವುದು ಮಾತ್ರ ಸೂರಿನ ಅಡಿಯಲ್ಲಿ, ಕೂತ ಕೋಳಿಯ ತಲೆಗಿಂತ ಎತ್ತರದಲ್ಲಿ. ಆವಿ ಮೇಲಿನಿಂದ ಹೊರಹೋಗಬೇಕು. ಬೀಸುಗಾಳಿ ಕೋಳಿಯ ಮೈಗೆ ಬಡಿಯಬಾರದು. ಬೆಳಗ್ಗೆ ಮಾಡಿನ ಒಳಬದಿಯಲ್ಲಿ ಮಂಜುಗಡ್ಡೆಯ ಪುಡಿ ಕಂಡರೆ ಗಾಳಿ ಸಾಲದೆಂದೇ ಅರ್ಥ. ಫೇರ್‌ಬ್ಯಾಂಕ್ಸ್‌ನಂಥ ಕಡೆ ಗೋಡೆಗೆ ಶಾಖ ತಡೆಯುವ ಪದರ ಹಾಕುತ್ತಾರೆ, ಅಲ್ಪಸ್ವಲ್ಪ ಕಾವನ್ನೂ ಕೊಡುತ್ತಾರೆ. ಆದರೆ ತೂಗುಹಾಕಿದ ಕಾವಿನ ದೀಪ ಒಣ ಹಾಸಿನ ಮೇಲೆ ಬಿದ್ದು ಗೂಡೇ ಸುಟ್ಟುಹೋದ ಪ್ರಸಂಗಗಳಿರುವುದರಿಂದ ಅದನ್ನು ಬಹಳ ಎಚ್ಚರದಿಂದ ಬಳಸತಕ್ಕದ್ದು.

ಉಳಿದ ವ್ಯವಸ್ಥೆ

ಕೂರುವ ಪಟ್ಟಿ: ದುಂಡುಗಳುವಿನ ಬದಲು ಸುಮಾರು 4 ಅಂಗುಲ ಅಗಲದ ಚಪ್ಪಟೆ ಪಟ್ಟಿ ಹಾಕುತ್ತಾರೆ. ಕೋಳಿ ಅದರ ಮೇಲೆ ಪಾದವೂರಿ ಕೂತರೆ ಎದೆಯ ಪುಕ್ಕ ಬೆರಳುಗಳನ್ನು ಮುಚ್ಚುತ್ತದೆ.

ಹಾಸು: ನೆಲಕ್ಕೆ ದಪ್ಪನಾಗಿ ಮರದ ಹೊಪ್ಪಳಿಕೆ ಅಥವಾ ಹುಲ್ಲು ಹರಡಿ, ಆಗಾಗ ಕೆದಕಿ, ಮೇಲೆ ಒಣ ಹಾಸು ಸೇರಿಸುತ್ತಾ ಹೋಗುತ್ತಾರೆ. ಇದೇ ಡೀಪ್ ಲಿಟರ್ ಪದ್ಧತಿ. ವಸಂತದಲ್ಲಿ ತೆಗೆದರೆ ತೋಟಕ್ಕೆ ಗೊಬ್ಬರ.

ನೀರು: ನೀರು ಹೆಪ್ಪುಗಟ್ಟಿದರೆ ಕೋಳಿ ಕುಡಿಯದು, ಕುಡಿಯದ ಕೋಳಿ ತಿನ್ನದು, ಮೊಟ್ಟೆಯಿಡದು. ದಿನಕ್ಕೆ ಎರಡು ಮೂರು ಸಲ ಉಗುರುಬೆಚ್ಚನೆಯ ನೀರು ಬದಲಿಸುತ್ತಾರೆ. ಗಡ್ಡೆಯನ್ನು ಬಡಿದು ಕೆಡವಲು ರಬ್ಬರ್ ಬೋಗುಣಿ ಅನುಕೂಲ.

ಮೇವು: ಮೈಬಿಸಿ ಉಳಿಸಿಕೊಳ್ಳಲು ಕೋಳಿ ಹೆಚ್ಚು ತಿನ್ನುತ್ತದೆ. ದಿನದ ಮೇವಿನ ಜೊತೆಗೆ ಸಂಜೆ ಒಂದು ಹಿಡಿ ಜೋಳದ ಕಾಳು ಕೊಟ್ಟರೆ ರಾತ್ರಿಯಿಡೀ ಜೀರ್ಣವಾಗುತ್ತಾ ಶಾಖ ಒದಗುತ್ತದೆ.

ಬೆಳಕು: ಚೆನ್ನಾಗಿ ಮೊಟ್ಟೆಯಿಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಕೆಲವರು ಬಲ್ಬು ಹಾಕುತ್ತಾರೆ. ಕೆಲವರು ಕೋಳಿಗೆ ವಿಶ್ರಾಂತಿಯೆಂದು ಬಿಟ್ಟುಬಿಡುತ್ತಾರೆ.

ತಳಿಯ ಆಯ್ಕೆ

ದೊಡ್ಡ ಜುಟ್ಟಿನ ಕೋಳಿಗೆ ಹಿಮದ ಏಟು ಬೇಗ. ಇದನ್ನು ಮನಗಂಡ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಓಕಾ ಮಠದ ಬ್ರದರ್ ವಿಲ್‌ಫ್ರಿಡ್ ಎಂಬ ಸಂನ್ಯಾಸಿ, 20ನೆಯ ಶತಮಾನದ ಮೊದಲ ದಶಕದಲ್ಲಿ ತಳಿ ಸಂಕರ ಆರಂಭಿಸಿದರು. ಅದರ ಫಲವಾದ ಶಾಂಟ್‌ಕ್ಲೇರ್ ತಳಿಗೆ ಜುಟ್ಟು ಗುಂಡಿಯಷ್ಟು. ಕೊರಳಡಿಯ ಜೋಲೂ ಚಿಕ್ಕದು. 1921ರಲ್ಲಿ ಅಮೆರಿಕದ ಕುಕ್ಕುಟ ಸಂಘ ಇದನ್ನು ಮಾನ್ಯ ಮಾಡಿತು. ಇದರ ಮೂಲ ತಳಿಗಳಲ್ಲೊಂದು ಇಂಗ್ಲೆಂಡಿನ ಕಾರ್ನಿಷ್. ಆ ಕಾರ್ನಿಷ್ ತಳಿಯಲ್ಲಿ ಸೇರಿರುವುದು ನಮ್ಮ ದೇಶದ ಅಸೀಲ್ ಕಾಳಗದ ಕೋಳಿಯ ರಕ್ತ.

ನಮಗೆ ಪಾಠ

ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ದೀಪದ ಕಾವೂ ಬೆಳೆದ ಕೋಳಿಗೆ ಬೇಕಿಲ್ಲ. ಆದರೆ ತೇವದಲ್ಲಿ ನಾವು ಅವರಿಗಿಂತ ಮುಂದು. ಮಳೆ ಹಿಡಿಯುವ ಮೊದಲೇ ಸದಸ್ಯರು ಇಷ್ಟು ಮಾಡಬಹುದು:

1. ಮಳೆ ಬೀಸುವ ಬದಿಯನ್ನು ಮಾತ್ರ ಮುಚ್ಚಿ. ಅದರಲ್ಲೂ ಸೂರಿನಡಿ ಒಂದು ಗೇಣು ತೆರೆದಿರಲಿ. ಇರಚಲು ಬಡಿಯದಂತೆ ಮಾಡನ್ನು ಮುಂದಕ್ಕೆ ಚಾಚಿ.

2. ಎದುರು ಬದಿಗೆ ಗಟ್ಟಿ ತಂತಿಬಲೆ ಹಾಕಿ. ಮುಂಗುಸಿ, ಕಾಡುಬೆಕ್ಕಿನ ಭಯವೂ ತಪ್ಪುತ್ತದೆ.

3. ನೆಲವನ್ನು ಎತ್ತರಿಸಿ, ಚೆನ್ನಾಗಿ ಒಣಗಿದ ಭತ್ತದ ಹೊಟ್ಟು ಹಾಸಿ. ಒದ್ದೆಯಾದ ಭಾಗವನ್ನು ಆಗಿಂದಾಗ್ಗೆ ತೆಗೆಯಿರಿ. ಮುಗ್ಗಲು ಹಿಡಿದ ಹೊಟ್ಟು ಬೇಡ.

4. ಒಂದು ಕೋಳಿಗೆ ಕನಿಷ್ಠ 4 ಚದರ ಅಡಿ ಜಾಗವಿರಲಿ.

5. ಬೆಳಗ್ಗೆ ಗೂಡಿನ ಬಾಗಿಲು ತೆರೆದೊಡನೆ ಕೋಳಿಯ ಎತ್ತರಕ್ಕೆ ಬಗ್ಗಿ ಉಸಿರೆಳೆದು ನೋಡಿ. ಮೂಗಿಗೆ ಘಾಟು ಬಡಿದು ಕಣ್ಣು ಉರಿದರೆ ಗಾಳಿ ಸಾಲದು.

ಗಾಳಿ ಚೆನ್ನಾಗಿದ್ದ ಮಾತ್ರಕ್ಕೆ ರೋಗಗಳೆಲ್ಲ ದೂರವಾಗುವುದಿಲ್ಲ. ಕೊಕ್ಕರೆ ರೋಗದ ಲಸಿಕೆಯನ್ನು ಪಶುವೈದ್ಯರಲ್ಲಿ ವಿಚಾರಿಸಿ ಕಾಲಕ್ಕೆ ಸರಿಯಾಗಿ ಹಾಕಿಸಲೇಬೇಕು. ಮಳೆ ಮುಗಿದ ಮೇಲೆ ಗೂಡಿನ ಹಾಸನ್ನು ಗುಂಡಿಗೆ ಹಾಕಿ, ಚೆನ್ನಾಗಿ ಕಳಿತ ನಂತರವೇ ಅಡಿಕೆ ಬುಡಕ್ಕೆ ಕೊಡಿ.